ದಾನವೋ, ಬಾಕಿಯೋ?

ಕೊಡುವವನ ಮನಸ್ಸನ್ನು ಕೆದಕಬಾರದು, ಕೊಟ್ಟದ್ದನ್ನು ಮಾತ್ರ ನೋಡಬೇಕು ಎಂದು ಕೆಲವರು ಹೇಳುತ್ತಾರೆ. ಮನಸ್ಸಿನಲ್ಲಿ ಸ್ವಾರ್ಥವಿದ್ದರೆ ಎಷ್ಟು ಕೊಟ್ಟರೂ ಅದು ದಾನವಲ್ಲ, ವ್ಯಾಪಾರ ಎಂದು ಇನ್ನು ಕೆಲವರು ವಾದಿಸುತ್ತಾರೆ. ಈ ವಾದ ಬಹಳ ಹಳೆಯದು. ಈಗ ಅದೇ ವಾದ ಕಂಪ್ಯೂಟರ್ ಲೋಕದಲ್ಲಿ ಹೊಸ ರೂಪ ತಾಳಿ ಎದ್ದು ನಿಂತಿದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಪ್ರೋಗ್ರಾಮಿಂಗ್ ಭಾಷೆಗಳಿಗೆ ದೊಡ್ಡ ಕಂಪನಿಗಳು ಹಣ ಕೊಡುತ್ತಿವೆ, ತಮ್ಮ ಸಂಬಳದ ಇಂಜಿನಿಯರುಗಳನ್ನು ಬಿಟ್ಟುಕೊಡುತ್ತಿವೆ. ಇದನ್ನು ಏನೆಂದು ಕರೆಯಬೇಕು? ದಾನವೆನ್ನಬೇಕೇ? ಬಾಕಿ ತೀರಿಸುವುದು ಎನ್ನಬೇಕೇ? ಅಥವಾ ಎಲ್ಲರ ವಸ್ತುವನ್ನು ಮೆಲ್ಲನೆ ತಮ್ಮ ಅಂಗಳಕ್ಕೆ ಎಳೆದುಕೊಳ್ಳುವ ಉಪಾಯವೆನ್ನಬೇಕೇ?

ಕಬ್ಬು, ತಂಬಾಕು, ದ್ರಾಕ್ಷಿಯ ನಾಡಾದ ನಮ್ಮ ಗಡಿಭಾಗಕ್ಕೂ ಈ ಪ್ರಶ್ನೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಚಿಕ್ಕೋಡಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅವು ಸೇರಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಬೆಳಗಾವಿಯಲ್ಲಿಯೇ ಇದೆ. ಅದರ ಪಠ್ಯದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆ. ಅಥಣಿ, ರಾಯಬಾಗ, ಕಾಗವಾಡಗಳ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಅದನ್ನು ಕಲಿತು, ನಿಪ್ಪಾಣಿಯ ಮೇಲೆ ಹಾದುಹೋಗುವ ಹೆದ್ದಾರಿ ಹಿಡಿದು ಒಂದೋ ಪುಣೆಗೆ, ಇಲ್ಲವೇ ಬೆಂಗಳೂರಿಗೆ ಹೋಗುತ್ತಾರೆ. ಬೀಡಿ ಕಟ್ಟುವ ತಾಯಿಯ ಮಗಳು ಪೈಥಾನ್ ಕಲಿಯಬೇಕಾದರೆ ಅದಕ್ಕೆ ಒಂದು ರೂಪಾಯಿ ಶುಲ್ಕವನ್ನೂ ಕೊಡಬೇಕಿಲ್ಲ. ಅಮೆರಿಕದ ಶ್ರೀಮಂತರ ಮಗ ಯಾವ ಸಾಧನದಿಂದ ಕೆಲಸ ಮಾಡುತ್ತಾನೋ ಅದೇ ಸಾಧನ ಇವಳ ಕೈಯಲ್ಲಿಯೂ ಇರುತ್ತದೆ. ಇಂಥ ಸಮಾನತೆ ಬೇರೆ ಯಾವ ಕಸುಬಿನಲ್ಲಿ ಇದೆ? ಹಾಗಾದರೆ ಈ ಸಾಧನವನ್ನು ಸುಸ್ಥಿತಿಯಲ್ಲಿ ಇಡುವವರು ಯಾರು, ಅವರ ಹೊಟ್ಟೆ ತುಂಬಿಸುವವರು ಯಾರು ಎಂದು ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ಪ್ರೋಗ್ರಾಮಿಂಗ್ ಭಾಷೆ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ನಾವು ಮಾತನಾಡುವ ಭಾಷೆಯಂತೆ ಅದಕ್ಕೂ ಶಬ್ದಗಳಿವೆ, ವ್ಯಾಕರಣವಿದೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕನ್ನಡವನ್ನು, ಉರ್ದುವನ್ನು, ಮರಾಠಿಯನ್ನು ಜನ ಮಾತನಾಡುತ್ತಿರುವವರೆಗೆ ಅವು ಬದುಕಿರುತ್ತವೆ. ಪ್ರೋಗ್ರಾಮಿಂಗ್ ಭಾಷೆ ಹಾಗಲ್ಲ. ಅದು ಒಂದು ತಂತ್ರಾಂಶ. ಹೊಸ ಯಂತ್ರ ಬಂದಾಗ ಅದಕ್ಕೆ ಹೊಂದಿಸಬೇಕು. ಕಳ್ಳರು ನುಗ್ಗುವ ಕಂಡಿಗಳು ಕಂಡಾಗ ಮುಚ್ಚಬೇಕು. ಸಾವಿರಾರು ಜನ ಕಳಿಸುವ ದೂರುಗಳನ್ನು ಓದಿ ಉತ್ತರ ಕೊಡಬೇಕು. ಪೈಥಾನನ್ನು ಗೀಡೊ ಫಾನ್ ರೋಸಮ್ ಎಂಬವರು 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಗಣಿತ ಮತ್ತು ಗಣಕ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಆರಂಭಿಸಿ, 1991ರಲ್ಲಿ ಹೊರಗೆ ಬಿಟ್ಟರು. ಅಂದಿನಿಂದ ಇಂದಿನವರೆಗೆ ಅದರ ರಿಪೇರಿ ನಿಂತಿಲ್ಲ.

ನಮ್ಮ ಕಡೆಯ ರೈತರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಘಟಪ್ರಭಾ ಕಾಲುವೆಯ ನೀರು ರಾಯಬಾಗ, ಚಿಕ್ಕೋಡಿ ಭಾಗದ ಹೊಲಗಳಿಗೆ ಬರುತ್ತದೆ. ಕಾಲುವೆ ತೋಡುವ ದಿನ ಮಂತ್ರಿಗಳು ಬರುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ. ಹೂಳು ತೆಗೆಯುವ ದಿನ ಯಾರೂ ಬರುವುದಿಲ್ಲ. ಆದರೆ ಹೂಳು ತೆಗೆಯದಿದ್ದರೆ ಕಾಲುವೆಯ ಕೊನೆಯಲ್ಲಿರುವ ರೈತನಿಗೆ ನೀರು ಮುಟ್ಟುವುದಿಲ್ಲ. ಮುಕ್ತ ತಂತ್ರಾಂಶದ ಲೋಕದಲ್ಲಿಯೂ ಹೂಳು ತೆಗೆಯುವವರು ಹೆಸರಿಲ್ಲದ ಜನ. ಬಹಳ ಮಂದಿ ತಮ್ಮ ನೌಕರಿ ಮುಗಿಸಿ, ರಾತ್ರಿ ಹೊತ್ತು ಕುಳಿತು ಈ ಕೆಲಸ ಮಾಡುತ್ತಾರೆ. ಇದರ ಅಪಾಯ ಜಗತ್ತಿಗೆ ಗೊತ್ತಾದದ್ದು 2014ರಲ್ಲಿ. ಇಂಟರ್‌ನೆಟ್ಟಿನಲ್ಲಿ ಹಣದ ವ್ಯವಹಾರವನ್ನು ಗುಟ್ಟಾಗಿಡುವ ಓಪನ್ ಎಸ್ಎಸ್ಎಲ್ ಎಂಬ ತಂತ್ರಾಂಶದಲ್ಲಿ ಆ ವರ್ಷ ದೊಡ್ಡ ಲೋಪವೊಂದು ಸಿಕ್ಕಿತು. ಅದು ಭಾಷೆಯಲ್ಲ, ಆದರೆ ಅದೇ ಬಗೆಯ ಸಾರ್ವಜನಿಕ ಸ್ವತ್ತು. ಜಗತ್ತಿನ ಬ್ಯಾಂಕುಗಳೂ ಅಂಗಡಿಗಳೂ ನೆಚ್ಚಿಕೊಂಡಿದ್ದ ಆ ತಂತ್ರಾಂಶಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ಸುದ್ದಿ ಹೊರಬಿದ್ದ ಮೇಲೆ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಇಂಟೆಲ್ ಮುಂತಾದ ಕಂಪನಿಗಳು ಸೇರಿ ಒಂದು ನಿಧಿ ಕಟ್ಟಿದವು. ಕೋಟ್ಯಂತರ ರೂಪಾಯಿ ಗಳಿಸುವವರು ಕಾಲುವೆ ಒಡೆಯುವವರೆಗೆ ಹೂಳಿನ ಕಡೆಗೆ ತಿರುಗಿ ನೋಡಿರಲಿಲ್ಲ.

ಹಾಗೆಂದು ಕಂಪನಿಗಳು ಮಾಡಿದ ಒಳ್ಳೆಯ ಕೆಲಸವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಗೀಡೊ ಅವರು 2005ರಿಂದ 2012ರವರೆಗೆ ಗೂಗಲ್ ಕಂಪನಿಯಲ್ಲಿದ್ದಾಗ ಅವರ ಅರ್ಧ ಸಮಯ ಪೈಥಾನಿಗೆ ಮೀಸಲಾಗಿತ್ತು. ಮುಂದೆ ಡ್ರಾಪ್‌ಬಾಕ್ಸ್ ಕಂಪನಿ ಅವರನ್ನು ಇಟ್ಟುಕೊಂಡಿತು. 2020ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಪೈಥಾನಿನ ವೇಗ ಹೆಚ್ಚಿಸುವುದಕ್ಕೆಂದೇ ಒಂದು ತಂಡ ಕಟ್ಟಲಾಯಿತು. 2022ರಲ್ಲಿ ಬಂದ 3.11ನೆಯ ಆವೃತ್ತಿ ಹಿಂದಿನದಕ್ಕಿಂತ ಸರಾಸರಿ ಶೇಕಡಾ 25ರಷ್ಟು ವೇಗವಾಗಿತ್ತು. ಅದರ ಲಾಭ ಮೈಕ್ರೋಸಾಫ್ಟಿಗೆ ಮಾತ್ರ ಸಿಕ್ಕಲಿಲ್ಲ, ಚಿಕ್ಕೋಡಿಯ ಕಾಲೇಜಿನ ಹಳೆಯ ಕಂಪ್ಯೂಟರಿಗೂ ಸಿಕ್ಕಿತು.

ಕನ್ನಡ, ಉರ್ದು ಎರಡರಲ್ಲಿಯೂ ಓದಿ ಬರೆಯುವ ನಮ್ಮಂಥವರು ಇನ್ನೊಂದು ಉಪಕಾರವನ್ನೂ ನೆನೆಯಬೇಕು. ಒಂದು ಕಾಲದಲ್ಲಿ ಕಂಪ್ಯೂಟರಿನಲ್ಲಿ ನಮ್ಮ ಅಕ್ಷರ ಮೂಡಬೇಕಾದರೆ, ಅದರಲ್ಲಿಯೂ ಉರ್ದುವಿನ ನಸ್ತಾಲೀಕ್ ಬರಹ ಮೂಡಬೇಕಾದರೆ, ದುಬಾರಿ ತಂತ್ರಾಂಶ ಕೊಳ್ಳಬೇಕಿತ್ತು. ಇಂದು ಎಲ್ಲರೂ ಉಚಿತವಾಗಿ ಬಳಸುವ ಲೋಹಿತ್ ಅಕ್ಷರಗಳನ್ನು ಮುಕ್ತವಾಗಿ ಬಿಟ್ಟದ್ದು ರೆಡ್ ಹ್ಯಾಟ್ ಎಂಬ ಕಂಪನಿ. ಅದರಲ್ಲಿ ಕನ್ನಡವೂ ಇದೆ. 2014ರಲ್ಲಿ ಗೂಗಲ್ ಕಂಪನಿ ನಸ್ತಾಲೀಕ್ ಅಕ್ಷರಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಅವರು ಉರ್ದುವಿನ ಮೇಲಿನ ಪ್ರೀತಿಯಿಂದ ಮಾಡಿದರೋ, ಉರ್ದು ಓದುವವರ ಮಾರುಕಟ್ಟೆಗಾಗಿ ಮಾಡಿದರೋ? ನಮಗೆ ಅದು ದೊಡ್ಡ ಪ್ರಶ್ನೆಯಾಗಿ ಕಾಣುವುದಿಲ್ಲ. ಒಮ್ಮೆ ಕೊಟ್ಟ ಅಕ್ಷರಗಳನ್ನು ಅವರು ಹಿಂದಕ್ಕೆ ಪಡೆಯಲಾರರು. ಅದು ಮುಖ್ಯ.

ಆದರೆ ಒಂದು ಸಲ ಕೊಟ್ಟು ಮುಗಿಯುವ ಕೊಡುಗೆ ಬೇರೆ, ಪ್ರತಿ ತಿಂಗಳು ಬೇಕಾಗುವ ಆಸರೆ ಬೇರೆ. ಇಲ್ಲಿಯೇ ತೊಡಕು ಹುಟ್ಟುವುದು. 2024ರ ಏಪ್ರಿಲಿನಲ್ಲಿ ಗೂಗಲ್ ಅಮೆರಿಕದಲ್ಲಿದ್ದ ತನ್ನ ಪೈಥಾನ್ ತಂಡದವರನ್ನು ಕೆಲಸದಿಂದ ತೆಗೆಯಿತು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಪೈಥಾನಿನ ವೇಗ ಹೆಚ್ಚಿಸುತ್ತಿದ್ದ ತಂಡದ ಹಲವರನ್ನು ಮನೆಗೆ ಕಳಿಸಿತು. ಆ ಎರಡೂ ಕಂಪನಿಗಳು ದಿವಾಳಿಯಾಗಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಹೊಡೆದರು, ಅಷ್ಟೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಇದ್ದ ಹಾಗೆಯೇ ಕಾಪಾಡಬೇಕು. ಅದೇ ಶಬ್ದ ಕನ್ನಡಕ್ಕೆ ಬಂದು ಸರಕಾರಿ ಕಚೇರಿ ಸೇರಿದ ಮೇಲೆ, ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆದು ನಿಲ್ಲಿಸುವುದು ಎಂದಾಯಿತು. ಒಂದೇ ಕಂಪನಿಯ ಆಸರೆಯಲ್ಲಿ ಬೆಳೆಯುವ ಭಾಷೆಗೆ ಈ ಎರಡು ಅರ್ಥಗಳೂ ಒಟ್ಟಿಗೆ ಅನ್ವಯಿಸುತ್ತವೆ. ಇವತ್ತು ಅದು ಅವರ ಕೈಯಲ್ಲಿ ಅಮಾನತ್. ನಾಳೆ ಅದನ್ನು ನೋಡಿಕೊಳ್ಳುವವರೇ ಅಮಾನತು.

ರಸ್ಟ್ ಎಂಬ ಭಾಷೆಗೆ ಇದು ನಿಜವಾಗಿಯೇ ಆಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ 2009ರಿಂದ ಅದನ್ನು ಸಾಕಿತು. 2020ರ ಆಗಸ್ಟಿನಲ್ಲಿ ಮೊಜಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆದಾಗ ರಸ್ಟ್ ಕಟ್ಟುತ್ತಿದ್ದವರಲ್ಲಿ ಕೆಲವರೂ ಅದರಲ್ಲಿ ಸೇರಿದ್ದರು. ಆ ಭಾಷೆ ಸತ್ತೇ ಹೋಯಿತೆಂದು ಹಲವರು ಭಾವಿಸಿದರು. ಆದರೆ ಅದರ ಮೂಲಬರಹ ಮುಕ್ತವಾಗಿತ್ತು. ಕೆಲಸ ಬಲ್ಲವರು ಬೇರೆ ಬೇರೆ ಕಡೆ ಇದ್ದರು. 2021ರ ಫೆಬ್ರವರಿಯಲ್ಲಿ ಐದು ಕಂಪನಿಗಳು ಸೇರಿ ರಸ್ಟ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿದವು, ಭಾಷೆ ಉಳಿಯಿತು. ಸಾಕುವವರು ಕೈ ಬಿಟ್ಟರೂ ಅದು ಅನಾಥವಾಗಲಿಲ್ಲ.

ಜಾವಾ ಭಾಷೆಯ ಕಥೆ ಇನ್ನೊಂದು ಬಗೆಯದು. ಅದನ್ನು ಹುಟ್ಟಿಸಿದ ಸನ್ ಕಂಪನಿ 2006ರಿಂದ ಅದರ ಮೂಲಬರಹವನ್ನು ಮುಕ್ತಗೊಳಿಸತೊಡಗಿತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ, ಆಂಡ್ರಾಯ್ಡ್ ಕಟ್ಟುವಾಗ ಜಾವಾದ ಆದೇಶಗಳ ಸಾಲುಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಗೂಗಲ್ ಮೇಲೆ ಮೊಕದ್ದಮೆ ಹೂಡಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ನ್ಯಾಯವಾದ ಬಳಕೆಯೆಂದು ತೀರ್ಪು ಕೊಟ್ಟದ್ದು 2021ರಲ್ಲಿ. ಹನ್ನೊಂದು ವರ್ಷ ಇಬ್ಬರು ದೈತ್ಯರು ಕಾದಾಡಿದರು. ಅವರಲ್ಲಿ ಯಾರ ಪಕ್ಷ ಸರಿ ಎಂಬುದು ನಮ್ಮ ವಿಷಯವಲ್ಲ. ಒಡೆಯ ಬದಲಾದಾಗ ಮಾತೂ ಬದಲಾಗಬಹುದು ಎಂಬುದಷ್ಟೇ ಇಲ್ಲಿ ತಿಳಿಯಬೇಕಾದ ಪಾಠ.

ಇಲ್ಲಿ ನಮ್ಮೂರಿನ ಚಪ್ಪಲಿಯ ನೆನಪಾಗುತ್ತದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಕಡೆಯ ಚರ್ಮದ ಕುಶಲಕರ್ಮಿಗಳೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿಸಿ ಅದಕ್ಕೆ ಭೌಗೋಳಿಕ ಗುರುತಿನ ಹಕ್ಕು ಸಿಕ್ಕಿದೆ. ಆದರೂ 2025ರ ಜೂನಿನಲ್ಲಿ ಪ್ರಾಡಾ ಎಂಬ ಇಟಲಿಯ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿ, ಎಲ್ಲಿಂದ ಬಂತೆಂಬುದನ್ನು ಹೇಳಲಿಲ್ಲ. ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 2000 ಜೊತೆ ಚಪ್ಪಲಿಗಳನ್ನು ಇಲ್ಲಿಯೇ ಮಾಡಿಸಿ, ಜೊತೆಗೆ ಸುಮಾರು 800 ಯೂರೋ ಬೆಲೆಯಲ್ಲಿ ಮಾರುವುದಾಗಿ ಪ್ರಕಟಿಸಿತು.

ಚಪ್ಪಲಿಗೂ ಪ್ರೋಗ್ರಾಮಿಂಗ್ ಭಾಷೆಗೂ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಥಣಿಯ ಕುಶಲಕರ್ಮಿ ತನ್ನ ವಿದ್ಯೆಯನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಪೈಥಾನ್ ಕಟ್ಟಿದವರು ‘ತೆಗೆದುಕೊಳ್ಳಿ, ಬಳಸಿ, ಮಾರಿ, ನಮ್ಮ ಅಭ್ಯಂತರವಿಲ್ಲ’ ಎಂದು ಲೈಸೆನ್ಸಿನಲ್ಲಿ ತಾವೇ ಬರೆದುಕೊಟ್ಟಿದ್ದಾರೆ. ಆದ್ದರಿಂದ ಕಂಪನಿಗಳು ಕದ್ದವು ಎಂದು ಹೇಳಲು ಬರುವುದಿಲ್ಲ. ಕಾನೂನಿನ ಪ್ರಕಾರ ಅವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಹಾಗಿದ್ದ ಮೇಲೆ ‘ಬಾಕಿ’ ಎಂಬ ಶಬ್ದವನ್ನು ನಾವು ಯಾವ ನ್ಯಾಯದಿಂದ ಬಳಸುತ್ತೇವೆ?

ಬಾಕಿ ಎಂದರೇನೆಂದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿಯೇ ಇದೆ. ಆದರೂ ಬಾಕಿಗಾಗಿ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವುದು ರೈತರಿಗೆ ರೂಢಿಯಾಗಿದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರು ರಸ್ತೆಗಿಳಿದಾಗ ಅವರು ಯಾರ ದಾನವನ್ನೂ ಕೇಳಲಿಲ್ಲ, ನ್ಯಾಯವಾದ ದರವನ್ನು ಕೇಳಿದರು. ಕಬ್ಬಿನ ಬಾಕಿ ಕಾನೂನಿನ ಬಾಕಿ. ಮುಕ್ತ ಭಾಷೆಯ ಬಾಕಿ ನೀತಿಯ ಬಾಕಿ. ಒಬ್ಬನು ಉಚಿತವಾಗಿ ಕೊಟ್ಟ ಬಾವಿಯಿಂದ ಮನೆಗೆ ಒಂದು ಕೊಡ ನೀರು ಒಯ್ದರೆ ಯಾರೂ ಲೆಕ್ಕ ಕೇಳುವುದಿಲ್ಲ. ಅದೇ ಬಾವಿಗೆ ಪಂಪು ಕೂಡಿಸಿ, ನೀರನ್ನು ಬಾಟಲಿಗೆ ತುಂಬಿ ಮಾರಿ ಶ್ರೀಮಂತನಾದವನು, ಬಾವಿಯ ಗೋಡೆ ಕುಸಿದಾಗ ‘ನನಗೂ ಇದಕ್ಕೂ ಸಂಬಂಧವಿಲ್ಲ’ ಎಂದರೆ ಊರು ಅವನನ್ನು ಏನೆಂದು ಕರೆಯುತ್ತದೆ? ಯಾವ ಕಾನೂನೂ ಅವನನ್ನು ಹಿಡಿಯಲಾರದು. ಆದರೆ ಅವನ ಮೇಲೆ ಬಾಕಿ ಇದೆಯೆಂಬುದು ಎಲ್ಲರಿಗೂ ಗೊತ್ತು. ಎಷ್ಟು ನೀರು ಎತ್ತಿದನೋ ಅಷ್ಟರ ಮಟ್ಟಿಗೆ ಅವನ ಹೊಣೆ. ಯೂಟ್ಯೂಬ್, ಇನ್‌ಸ್ಟಾಗ್ರಾಂ ಬೆಳೆದು ನಿಂತದ್ದು ಪೈಥಾನಿನ ಆಸರೆಯಿಂದ. ಇಂದಿನ ಕೃತಕ ಬುದ್ಧಿಮತ್ತೆಯ ದೊಡ್ಡ ಕೆಲಸಗಳಲ್ಲಿ ಬಹುಪಾಲು ನಡೆಯುವುದೂ ಅದೇ ಭಾಷೆಯಲ್ಲಿ.

ಇಷ್ಟನ್ನು ಒಪ್ಪಿದರೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ದಾನ ಕೊಟ್ಟವನು ದೇವಸ್ಥಾನದ ಕಲ್ಲಿನ ಮೇಲೆ, ಮಸೀದಿಯ ಗೋಡೆಯ ಮೇಲೆ ಹೆಸರು ಬರೆಸಿಕೊಳ್ಳಬಹುದು, ಪಂಕ್ತಿಯಲ್ಲಿ ಮುಂದೆ ಕೂಡಬಹುದು. ಬಾಕಿ ತೀರಿಸಿದವನಿಗೆ ಆ ಹಕ್ಕಿಲ್ಲ. ಅವನಿಗೆ ರಸೀದಿ ಸಿಗುತ್ತದೆ, ಗೌರವವೂ ಸಿಗುತ್ತದೆ, ಒಡೆತನ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಎರಡು ಬಗೆಯ ಸಕ್ಕರೆ ಕಾರ್ಖಾನೆಗಳಿವೆ. ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಖಾಸಗಿ ಕಂಪನಿಯದು ಒಂದು ಬಗೆ. ರೈತರ ಶೇರು ಹಣದಿಂದ ಕಟ್ಟಿದ ಸಹಕಾರಿ ಕಾರ್ಖಾನೆಗಳದು ಇನ್ನೊಂದು ಬಗೆ. ಸಹಕಾರಿ ತತ್ವದಲ್ಲಿ ಒಬ್ಬನ ಹತ್ತಿರ ಒಂದು ಶೇರು ಇರಲಿ, ನೂರು ಇರಲಿ, ಮತ ಮಾತ್ರ ಒಂದೇ. ಆಚರಣೆಯಲ್ಲಿ ಸಹಕಾರಿ ಸಂಘಗಳೂ ಕೆಲವು ಮನೆತನಗಳ ಕೈಗೆ ಹೋಗುವುದನ್ನು ನಾವು ಕಂಡಿದ್ದೇವೆ. ಆದರೂ ಆ ತತ್ವ ತಪ್ಪಲ್ಲ.

ಪೈಥಾನ್ ಸಮುದಾಯ ಈ ತತ್ವವನ್ನು ತನ್ನದೇ ರೀತಿಯಲ್ಲಿ ಜಾರಿಗೆ ತಂದಿದೆ. 2018ರಲ್ಲಿ ಗೀಡೊ ಅವರು ನಾಯಕತ್ವ ಬಿಟ್ಟ ಮೇಲೆ ಭಾಷೆಯ ತೀರ್ಮಾನಗಳನ್ನು ಮಾಡಲು ಐದು ಜನರ ಒಂದು ಚುನಾಯಿತ ಮಂಡಳಿ ಬಂತು. ಅದರ ನಿಯಮದ ಪ್ರಕಾರ ಒಂದೇ ಕಂಪನಿಯಲ್ಲಿ ನೌಕರಿ ಮಾಡುವವರು ಇಬ್ಬರಿಗಿಂತ ಹೆಚ್ಚು ಇರಬಾರದು. ಕಂಪನಿಗಳ ನೆರವು ಬೇಕು, ಆದರೆ ಯಾವ ಕಂಪನಿಗೂ ಬಹುಮತ ಬೇಡ. ರಸ್ಟ್ ಫೌಂಡೇಶನ್ನಿನಲ್ಲಿ ಹಣ ಕೊಡುವ ಕಂಪನಿಗಳ ಪ್ರತಿನಿಧಿಗಳಿಗೆ ಕುರ್ಚಿ ಇದೆ. ಆದರೆ ಭಾಷೆ ಕಟ್ಟುವವರ ಪ್ರತಿನಿಧಿಗಳೂ ಅಲ್ಲಿದ್ದಾರೆ, ಎರಡೂ ಕಡೆಯ ಬಹುಮತವಿಲ್ಲದೆ ನಿರ್ಣಯವಾಗುವುದಿಲ್ಲ.

ಷರತ್ತು ಹಾಕುವವರು ಕಂಪನಿಗಳು ಮಾತ್ರ ಎಂದು ತಿಳಿಯಬಾರದು. ಪೈಥಾನಿನ ವ್ಯವಹಾರ ನೋಡುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ವಾರ್ಷಿಕ ಬಜೆಟ್ ಸುಮಾರು 50 ಲಕ್ಷ ಡಾಲರ್, ಸಿಬ್ಬಂದಿ 14 ಜನ. ಅಮೆರಿಕ ಸರಕಾರದ ವಿಜ್ಞಾನ ಪ್ರತಿಷ್ಠಾನದಿಂದ ಅದಕ್ಕೆ 15 ಲಕ್ಷ ಡಾಲರ್ ಅನುದಾನ ಮಂಜೂರಿಗೆ ಶಿಫಾರಸಾಗಿತ್ತು. ಆದರೆ ವೈವಿಧ್ಯ ಮತ್ತು ಸಮಾನತೆಗಾಗಿ ಯಾವ ಕಾರ್ಯಕ್ರಮವನ್ನೂ ನಡೆಸುವುದಿಲ್ಲವೆಂದು ಬರೆದುಕೊಡಬೇಕೆಂಬ ಷರತ್ತು ಅದರ ಜೊತೆಗಿತ್ತು. 2025ರ ಅಕ್ಟೋಬರಿನಲ್ಲಿ ಆ ಸಂಸ್ಥೆ ತನ್ನ ಅರ್ಜಿಯನ್ನೇ ಹಿಂದಕ್ಕೆ ಪಡೆಯಿತು. ಹಣವಿಲ್ಲದವನು ಹಣವನ್ನು ಬೇಡವೆನ್ನುವುದು ಸುಲಭದ ಮಾತಲ್ಲ. ಅದು ಸಾಧ್ಯವಾಗಬೇಕಾದರೆ ನೂರಾರು ಕಡೆಯಿಂದ ಸಣ್ಣ ಸಣ್ಣ ನೆರವು ಬರುತ್ತಿರಬೇಕು.

ನಮ್ಮ ರಾಜ್ಯದಲ್ಲಿ ಇಂಥ ವಿವೇಕ ಇಲ್ಲವೆಂದಲ್ಲ. ಬೆಂಗಳೂರಿನ ಜೆರೋಧಾ ಎಂಬ ಶೇರು ವ್ಯವಹಾರದ ಕಂಪನಿ 2024ರ ಅಕ್ಟೋಬರಿನಲ್ಲಿ, ಮುಕ್ತ ತಂತ್ರಾಂಶಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ಒಂದು ನಿಧಿಯನ್ನು ಪ್ರಕಟಿಸಿತು. ತಮ್ಮ ಕಂಪನಿ ಬೆಳೆದದ್ದೇ ಮುಕ್ತ ತಂತ್ರಾಂಶದ ಬಲದಿಂದ ಎಂದು ಅವರು ಬಾಯಿಬಿಟ್ಟು ಹೇಳಿದರು. ಇದು ಬಾಕಿಯನ್ನು ಬಾಕಿಯೆಂದು ಒಪ್ಪಿಕೊಳ್ಳುವ ರೀತಿ. ಪೈಥಾನಿಗರ ಅಖಿಲ ಭಾರತ ಸಮ್ಮೇಳನ ಮೊದಲ ಸಲ ನಡೆದದ್ದೂ ಬೆಂಗಳೂರಿನಲ್ಲಿ, 2009ರಲ್ಲಿ. ಆ ನಗರದಲ್ಲಿ ಕಚೇರಿ ತೆರೆದಿರುವ ಕಂಪನಿಗಳನ್ನು ಎಣಿಸಿದರೆ ಇಂಥ ಹೆಸರುಗಳು ಇನ್ನೂ ಬಹಳ ಬರಬೇಕು.

ಆದರೆ ಬೆರಳನ್ನು ಬೆಂಗಳೂರಿನ ಕಡೆಗೆ ತೋರಿಸಿ ಸುಮ್ಮನಾಗುವುದೂ ನ್ಯಾಯವಲ್ಲ. ಒಂದು ಕೊಡ ನೀರು ಒಯ್ದವನ ಬಾಕಿ ಸಣ್ಣದು ನಿಜ, ಆದರೆ ಬಾವಿಯ ಕಟ್ಟೆಯ ಮೇಲೆ ಕಸ ಬಿದ್ದಿದ್ದರೆ ಅವನೂ ಎತ್ತಬೇಕು. ಕೇರಳದ ಶಾಲೆಗಳು ಹಲವು ವರ್ಷಗಳಿಂದ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶದಲ್ಲಿಯೇ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಲಾಭ ಸಿಕ್ಕಿದೆ. ನಮ್ಮ ಕಡೆಯ ಕಾಲೇಜುಗಳು ಇನ್ನೂ ಮುಂದೆ ಹೋಗಬಹುದು. ಪೈಥಾನ್ ಕಲಿತು ಪರೀಕ್ಷೆ ಪಾಸಾದರೆ ಮುಗಿಯಿತೆಂದು ಬಿಡದೆ, ಅದರಲ್ಲಿ ಕಂಡ ಲೋಪವನ್ನು ಬರೆದು ತಿಳಿಸುವುದನ್ನು, ಸಣ್ಣದೊಂದು ತಿದ್ದುಪಡಿ ಕಳಿಸುವುದನ್ನು ಓದಿನ ಭಾಗವಾಗಿ ಮಾಡಬಹುದು. ನಮ್ಮ ಗಡಿಯ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಅವರ ಕಿವಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಹಿಂದೆ ಉಳಿಯುವ ತಮ್ಮ ತಂಗಿಯರಿಗಾಗಿ ಪಾಠಗಳನ್ನು ಈ ಮೂರು ಭಾಷೆಗಳಲ್ಲಿ ಬರೆದುಕೊಟ್ಟರೆ, ಅವರು ತಮ್ಮ ಪಾಲಿನ ಬಾಕಿಯನ್ನು ಹಣವಿಲ್ಲದೆಯೇ ತೀರಿಸಿದಂತಾಗುತ್ತದೆ.

ಮೊದಲು ಎತ್ತಿದ ಪ್ರಶ್ನೆಗೆ ನಮಗೆ ತೋಚುವ ಉತ್ತರ ಇದು. ಕಂಪನಿಗಳ ಮನಸ್ಸಿನಲ್ಲಿ ಪ್ರೀತಿಯಿದೆಯೋ ಲಾಭವಿದೆಯೋ ಎಂದು ಹುಡುಕುತ್ತ ಕೂಡಬೇಕಿಲ್ಲ. ಲಾಭಕ್ಕಾಗಿಯೇ ಕೊಡಲಿ, ಕೊಡುವುದು ಅವರ ಹೊಣೆ. ನಾವು ನೋಡಬೇಕಾದದ್ದು ಒಂದನ್ನೇ. ಕೊಟ್ಟವರು ನಾಳೆ ಎದ್ದು ಹೋದರೆ ಆ ಭಾಷೆ ಉಳಿಯುತ್ತದೆಯೇ, ಬೇರೆಯವರು ಬಂದು ಅದನ್ನು ಮುಂದುವರಿಸಬಹುದೇ? ಬಹುದಾದರೆ ಅಂಥ ನೆರವನ್ನು ಸಂತೋಷದಿಂದ ಸ್ವೀಕರಿಸೋಣ. ಇಲ್ಲವಾದರೆ, ಅದು ಎಷ್ಟೇ ದೊಡ್ಡ ಮೊತ್ತವಾಗಿರಲಿ, ಅದನ್ನು ನೆರವೆಂದು ಕರೆಯುವ ಮೊದಲು ಎರಡು ಸಲ ಯೋಚಿಸಬೇಕು.